ಒಳಗೆ ಬಂದ ಕಬ್ಬಿಣ ಹೊರಗೆ ಹೋಗುವ ದಾರಿ
(ಸಂಘದ ಆರೋಗ್ಯ ಉಪನ್ಯಾಸದಲ್ಲಿ ಮಾಡಿದ ಭಾಷಣ)



ಆರೋಗ್ಯದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನಿಮ್ಮ ಕಾರ್ಯದರ್ಶಿಗಳು ಕೇಳಿದಾಗ, ಎಲ್ಲರಿಗೂ ಗೊತ್ತಿರುವ ಒಂದು ವಸ್ತುವಿನಿಂದಲೇ ಆರಂಭಿಸೋಣವೆಂದುಕೊಂಡೆ. ಅದು ಕಬ್ಬಿಣ. ಮುಖ ಬಿಳಿಚಿಕೊಂಡರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ, “ರಕ್ತ ಕಮ್ಮಿ, ಕಬ್ಬಿಣದ ಮಾತ್ರೆ ತೆಗೆದುಕೋ” ಎಂದು ನಾವೆಲ್ಲರೂ ಹೇಳುತ್ತೇವೆ. ಅದರಲ್ಲಿ ಸುಳ್ಳೇನೂ ಇಲ್ಲ. 2019-21ರಲ್ಲಿ ಸರಕಾರ ನಡೆಸಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. ಅವರಲ್ಲಿ ಬಹಳ ಮಂದಿಗೆ ಬೇಕಾದದ್ದು ಕಬ್ಬಿಣವೇ.

ಆದರೆ ಇಂದು ನಾನು ಹೇಳಹೊರಟಿರುವುದು ಅದಕ್ಕೆ ತೀರ ವಿರುದ್ಧವಾದ ಒಂದು ಮದ್ದಿನ ಸಂಗತಿ. ಮೈಯೊಳಗೆ ಹೆಚ್ಚಾದ ಕಬ್ಬಿಣವನ್ನು ಕಚ್ಚಿ ಹಿಡಿದು ಹೊರಗೆ ಹಾಕತಕ್ಕ ಮದ್ದು. ಕಬ್ಬಿಣ ಕೊಡುವುದಕ್ಕೇ ಹಣ ಸಾಲದಿರುವಾಗ ತೆಗೆಯುವ ಮದ್ದು ಯಾರಿಗೆ ಬೇಕು ಎಂದು ನೀವು ಕೇಳಬಹುದು. ಬೇಕಾದವರು ನಮ್ಮ ನಡುವೆಯೇ ಇದ್ದಾರೆ. ಅವರಲ್ಲಿ ಹೆಚ್ಚಿನವರು ಮಕ್ಕಳು.

ಮೊದಲು ದೇಹದ ಜಮಾಖರ್ಚನ್ನು ನೋಡೋಣ. ಒಬ್ಬ ದೊಡ್ಡ ಮನುಷ್ಯನ ಮೈಯಲ್ಲಿರುವ ಕಬ್ಬಿಣವೆಲ್ಲ ಸೇರಿ 3ರಿಂದ 4 ಗ್ರಾಂ. ಒಂದು ಮೊಳೆಯಷ್ಟು ತೂಕ, ಅಷ್ಟೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ರಕ್ತದ ಕೆಂಪು ಕಣಗಳಲ್ಲಿದ್ದು, ಶ್ವಾಸದಿಂದ ಬಂದ ಪ್ರಾಣವಾಯುವನ್ನು ಮೈಯೆಲ್ಲ ಹೊತ್ತು ತಿರುಗುವ ಕೆಲಸಕ್ಕೆ ನೆರವಾಗುತ್ತದೆ. ಕೆಂಪು ಕಣದ ಆಯುಷ್ಯ ಸುಮಾರು 120 ದಿವಸ. ಕಣ ಸತ್ತರೂ ಅದರ ಕಬ್ಬಿಣವನ್ನು ದೇಹ ಎಸೆಯುವುದಿಲ್ಲ. ಖಾಲಿಯಾದ ಸೋಡಾ ಬಾಟಲಿಯನ್ನು ತೊಳೆದು ಮತ್ತೆ ತುಂಬುವಂತೆ ಹೊಸ ಕಣಕ್ಕೆ ಅದನ್ನೇ ಉಪಯೋಗಿಸುತ್ತದೆ. ಆದುದರಿಂದ ದಿನಕ್ಕೆ ಆಹಾರದಿಂದ ನಾವು ಒಳಗೆ ಸೇರಿಸಿಕೊಳ್ಳುವ ಕಬ್ಬಿಣ ಒಂದೆರಡು ಮಿಲಿಗ್ರಾಂ ಮಾತ್ರ. ಚರ್ಮ ಸವೆದು, ಕರುಳಿನ ಒಳಪದರ ಉದುರಿ, ಹೆಂಗಸರಲ್ಲಿ ತಿಂಗಳ ರಕ್ತ ಹೋಗಿ, ಕಳೆಯುವುದೂ ಅಷ್ಟೇ.

ಇಲ್ಲಿ ಒಂದು ವಿಚಿತ್ರವಿದೆ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ನೀರು ಹೆಚ್ಚಾದರೂ ಹಾಗೆಯೇ. ಕಬ್ಬಿಣ ಹೆಚ್ಚಾದರೆ ಮಾತ್ರ ಅದನ್ನು ಹೊರಗೆ ಕಳಿಸುವ ಬಾಗಿಲನ್ನು ಪ್ರಕೃತಿ ಇಟ್ಟಿಲ್ಲ. ಒಳಬಾಗಿಲಲ್ಲಿ, ಅಂದರೆ ಕರುಳಿನಲ್ಲಿ, ಒಬ್ಬ ಬಿಗಿಯಾದ ಕಾವಲುಗಾರನನ್ನು ನಿಲ್ಲಿಸಿದೆ. ಬೇಕಾದಷ್ಟನ್ನೇ ಅವನು ಒಳಗೆ ಬಿಡುತ್ತಾನೆ. ಆ ಕಾವಲುಗಾರನನ್ನು ದಾಟಿ ಕಬ್ಬಿಣ ಒಳಗೆ ಬಂತೋ, ಅದು ಅಲ್ಲೇ ಕೂಡುತ್ತದೆ.

ಹಾಗೆ ಬರುವುದು ಹೇಗೆ? ರಕ್ತದ ಬಾಟಲಿಯ ಮೂಲಕ.

ಥಲಸ್ಸೇಮಿಯ ಎಂಬ ರೋಗದ ಹೆಸರನ್ನು ಕೆಲವರಾದರೂ ಕೇಳಿರಬಹುದು. 1925ರಲ್ಲಿ ಅಮೆರಿಕೆಯ ಡೆಟ್ರಾಯ್ಟ್ ನಗರದ ಮಕ್ಕಳ ವೈದ್ಯ ಥಾಮಸ್ ಕೂಲಿ ಇದನ್ನು ಮೊದಲು ವಿವರಿಸಿದ. ರೋಗಿಗಳು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ ದಂಡೆಯಿಂದ ಹೋದವರ ಮಕ್ಕಳಾಗಿದ್ದುದರಿಂದ, ಸಮುದ್ರ ಎಂಬ ಅರ್ಥದ ಗ್ರೀಕ್ ಶಬ್ದದಿಂದ ರೋಗಕ್ಕೆ ಮುಂದೆ ಆ ಹೆಸರು ಬಂತು. ಆದರೆ ರೋಗ ಆ ಸಮುದ್ರದ ದಂಡೆಗೇ ನಿಂತಿಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 10 ಸಾವಿರ ಮಕ್ಕಳು ಈ ರೋಗದ ಕಠಿಣ ರೂಪವನ್ನು ಹೊತ್ತು ಹುಟ್ಟುತ್ತಾರೆಂದು ಅಂದಾಜು. ಇಂಥ ಮಗುವಿಗೆ ಸರಿಯಾದ ಕೆಂಪು ಕಣ ತಯಾರಿಸುವ ಶಕ್ತಿಯೇ ಇರುವುದಿಲ್ಲ. ಹುಟ್ಟಿದ ಕೆಲವು ತಿಂಗಳಲ್ಲೇ ಅದು ಬಿಳಿಚಿಕೊಳ್ಳುತ್ತದೆ. ಆಮೇಲೆ ಎರಡು-ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಕೊಡದೆ ಗತ್ಯಂತರವಿಲ್ಲ.

ರಕ್ತ ಕೊಟ್ಟರೆ ಮಗು ನಗುತ್ತದೆ, ಆಡುತ್ತದೆ, ಶಾಲೆಗೆ ಹೋಗುತ್ತದೆ. ಆದರೆ ಲೆಕ್ಕ ನೋಡಿ. ಒಂದು ಚೀಲ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ತಿಂಗಳಿಗೆ ಒಂದೇ ಚೀಲವೆಂದು ಹಿಡಿದರೂ ವರ್ಷಕ್ಕೆ 2,400 ಮಿಲಿಗ್ರಾಂ. ಎರಡು ವರ್ಷ ತುಂಬುವುದರೊಳಗೆ, ಒಬ್ಬ ದೊಡ್ಡ ಮನುಷ್ಯನ ಮೈಯಲ್ಲಿ ಜೀವಮಾನವೆಲ್ಲ ಇರುವುದಕ್ಕಿಂತ ಹೆಚ್ಚು ಕಬ್ಬಿಣ ಆ ಎಳೆಯ ಮೈಗೆ ಬಂದು ಬಿದ್ದಿರುತ್ತದೆ. ಅದು ಯಕೃತ್ತಿನಲ್ಲಿ, ಹೃದಯದಲ್ಲಿ, ಬೆಳವಣಿಗೆಯನ್ನು ನಡೆಸುವ ಗ್ರಂಥಿಗಳಲ್ಲಿ ಹೋಗಿ ಕೂಡುತ್ತದೆ. ಹಿಡಿತವಿಲ್ಲದ ಕಬ್ಬಿಣ ಬೂದಿಯೊಳಗಿನ ಕೆಂಡದಂತೆ ಸುತ್ತಲಿನ ಕೋಶಗಳನ್ನು ಸುಡುತ್ತದೆ. ಮಗು ಎತ್ತರವಾಗುವುದಿಲ್ಲ, ಪ್ರಾಯಕ್ಕೆ ಬರುವುದು ತಡವಾಗುತ್ತದೆ, ಸಿಹಿಮೂತ್ರ ಬರಬಹುದು. ಮದ್ದಿಲ್ಲದ ಕಾಲದಲ್ಲಿ, ಯಾವ ರಕ್ತದಿಂದ ಬದುಕಿದರೋ ಅದೇ ರಕ್ತದ ಕಬ್ಬಿಣದಿಂದ, ಹದಿನೈದು-ಇಪ್ಪತ್ತರ ವಯಸ್ಸಿನಲ್ಲಿ ಹೃದಯ ಸೋತು ಅವರು ಸಾಯುತ್ತಿದ್ದರು.

ಇಲ್ಲದ ಬಾಗಿಲನ್ನು ಮನುಷ್ಯ ಹೇಗೆ ಮಾಡಿದ? ಅದಕ್ಕೆ ದಾರಿ ತೋರಿಸಿದ್ದು ಮಣ್ಣಿನಲ್ಲಿರುವ ಒಂದು ಸೂಕ್ಷ್ಮ ಜೀವಿ.

ನಮ್ಮ ಕರಾವಳಿಯ ಮುರಕಲ್ಲು ಕೆಂಪಾಗಿರುವುದು ಕಬ್ಬಿಣದಿಂದಲೇ. ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಆದರೆ ಅದು ತುಕ್ಕಿನ ರೂಪದಲ್ಲಿದ್ದು ನೀರಿನಲ್ಲಿ ಕರಗುವುದಿಲ್ಲ. ಸೂಕ್ಷ್ಮ ಜೀವಿಗಳಿಗೂ ಬದುಕಲು ಕಬ್ಬಿಣ ಬೇಕಲ್ಲವೆ? ಅವು ಕಬ್ಬಿಣವನ್ನು ಹಿಡಿದು ತರತಕ್ಕ ಒಂದು ಪದಾರ್ಥವನ್ನು ತಯಾರಿಸಿ ಮಣ್ಣಿಗೆ ಬಿಡುತ್ತವೆ. ಅದು ತುಕ್ಕಿನಿಂದ ಕಬ್ಬಿಣವನ್ನು ಕಿತ್ತುಕೊಂಡು ಮರಳಿ ಬರುತ್ತದೆ. ಸ್ವಿಜರ್ಲೆಂಡಿನ ಜ್ಯೂರಿಕ್ ನಗರದ ತಾಂತ್ರಿಕ ವಿದ್ಯಾಪೀಠದವರೂ ಬಾಸೆಲ್ ನಗರದ ಸೀಬಾ ಕಂಪನಿಯವರೂ ಸೇರಿ 1960ರ ಸುಮಾರಿಗೆ ಇಂಥ ಒಂದು ಪದಾರ್ಥವನ್ನು ಬೇರ್ಪಡಿಸಿದರು. ಅವರಲ್ಲೊಬ್ಬರಾದ ವ್ಲಾದಿಮಿರ್ ಪ್ರೆಲೋಗ್ ಬೇರೆ ಸಂಶೋಧನೆಗಾಗಿ 1975ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಅವರು ಹುಡುಕಹೊರಟದ್ದು ರೋಗಾಣು ಕೊಲ್ಲುವ ಮದ್ದನ್ನು. ಸಿಕ್ಕಿದ್ದು ಕಬ್ಬಿಣ ತುಂಬಿದ ಈ ಪದಾರ್ಥ. ಇದನ್ನು ಕೊಟ್ಟರೆ ರಕ್ತಹೀನರಿಗೆ ಕಬ್ಬಿಣ ಸಿಕ್ಕೀತೆಂದು ಅವರು ಮೊದಲು ಎಣಿಸಿದ್ದರು. ಕೊಟ್ಟು ನೋಡಿದರೆ ಅದು ಹಿಡಿದ ಕಬ್ಬಿಣವನ್ನು ಬಿಡಲೇ ಇಲ್ಲ. ಹಾಗೆಯೇ ಹೊತ್ತುಕೊಂಡು ಮೂತ್ರದಲ್ಲಿ ಹೊರಟುಹೋಯಿತು. ಮತ್ತೊಬ್ಬರಾಗಿದ್ದರೆ ಕೆಲಸ ಕೆಟ್ಟಿತೆಂದು ಕೈ ಬಿಡುತ್ತಿದ್ದರು. ಇವರು ತಿರುಗಿಸಿ ಯೋಚಿಸಿದರು. ಬಿಡದೆ ಹಿಡಿಯುವುದೇ ಇದರ ಗುಣವಾದರೆ, ಕಬ್ಬಿಣವನ್ನು ಮೊದಲೇ ತೆಗೆದು ಬರಿಗೈಯಲ್ಲಿ ಮೈಯೊಳಗೆ ಕಳಿಸಿದರೆ ಏನಾದೀತು? ಒಳಗಿನ ಕಬ್ಬಿಣವನ್ನು ಹಿಡಿದು ತಂದೀತಲ್ಲ! ಹೀಗೆ ಹುಟ್ಟಿದ ಮದ್ದಿನ ಹೆಸರು ಡೆಸ್‌ಫೆರಿಯಾಕ್ಸಮಿನ್.

ಇಂಥ ಹಿಡಿತಕ್ಕೆ ರಸಾಯನ ಶಾಸ್ತ್ರದಲ್ಲಿ ಕೀಲೇಷನ್ ಎನ್ನುತ್ತಾರೆ. 1920ರಲ್ಲಿ ಮೋರ್ಗನ್ ಮತ್ತು ಡ್ರೂ ಎಂಬ ಇಬ್ಬರು ಏಡಿಯ ಕೊಂಬಿಗಿರುವ ಗ್ರೀಕ್ ಮಾತಿನಿಂದ ಈ ಶಬ್ದವನ್ನು ಮಾಡಿದರು. ಗದ್ದೆಯ ಅಂಚಿನಲ್ಲಿ ಏಡಿ ಹಿಡಿಯಹೋಗಿ ಬೆರಳು ಕಚ್ಚಿಸಿಕೊಂಡವರು ಇಲ್ಲಿ ಇದ್ದರೆ ಅವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕಬ್ಬಿಣದ ಒಂದು ಕಣವನ್ನು ಪೂರ್ತಿ ಹಿಡಿಯಲು ಆರು ಕಡೆಯಿಂದ ಹಿಡಿಯಬೇಕು. ಡೆಸ್‌ಫೆರಿಯಾಕ್ಸಮಿನ್ ಒಂದೇ ಆರೂ ಕಡೆಯಿಂದ ಹಿಡಿಯುತ್ತದೆ. ಅಡಿಗೆಮನೆಯಲ್ಲಿ ಬಿಸಿ ಪಾತ್ರೆಯನ್ನು ಇಕ್ಕಳದಿಂದ ಹಿಡಿದು ಇಳಿಸಿದರೆ ಕೈ ಸುಡುವುದಿಲ್ಲವಷ್ಟೆ? ಹಾಗೆಯೇ ಹೀಗೆ ಹಿಡಿಸಿಕೊಂಡ ಕಬ್ಬಿಣ ಮೈಯನ್ನು ಸುಡಲಾರದು. ಇಂಥ ಹಿಡಿತವನ್ನು ನೀವು ದಿನಾಲೂ ಕಾಣುತ್ತೀರಿ. ಕಬ್ಬಿಣದ ಬಾಣಲೆಯಲ್ಲಿ ಚಹಾ ನಿಂತರೆ ಕಪ್ಪಾಗುತ್ತದೆ; ಚಹಾದ ಒಗರು ಕಬ್ಬಿಣವನ್ನು ಹಿಡಿದ ಗುರುತು ಅದು. ರಕ್ತಹೀನತೆ ಇದ್ದವರು ಊಟದ ಬೆನ್ನಿಗೇ ಚಹಾ ಕುಡಿಯಬಾರದೆನ್ನುವುದು ಇದಕ್ಕಾಗಿಯೇ. ಗಿರಾಕಿಗಳ ಗದ್ದಲ ಮುಗಿದ ಮೇಲೆ ಅನ್ನ ತಿಂದು, ಕೈ ತೊಳೆಯುವ ಮೊದಲೇ ಚಹಾದ ಲೋಟ ಎತ್ತುವ ನಮ್ಮ ಹೋಟೆಲು ಹುಡುಗರು ಇದನ್ನು ನೆನಪಿಡಬೇಕು.

ಮದ್ದು ಸಿಕ್ಕಿತು, ಕಷ್ಟ ಮುಗಿಯಲಿಲ್ಲ. ಈ ಮದ್ದನ್ನು ನುಂಗಿದರೆ ಕೆಲಸವಾಗದು. ಸೂಜಿಯಲ್ಲಿ ಕೊಟ್ಟರೂ ಬಹಳ ಹೊತ್ತು ರಕ್ತದಲ್ಲಿ ನಿಲ್ಲದು. ಆದುದರಿಂದ 1970ರ ದಶಕದ ಕೊನೆಯ ಹೊತ್ತಿಗೆ ಒಂದು ಚಿಕ್ಕ ಪಂಪಿನ ಕ್ರಮ ಬಂತು. ರಾತ್ರಿ ಹೊಟ್ಟೆಯ ಚರ್ಮದ ಕೆಳಗೆ ಸೂಜಿ ಚುಚ್ಚಿ, ಎಂಟರಿಂದ ಹನ್ನೆರಡು ತಾಸು ಮೆಲ್ಲಮೆಲ್ಲನೆ ಮದ್ದನ್ನು ಬಿಡುವುದು. ವಾರಕ್ಕೆ ಐದಾರು ರಾತ್ರಿ, ವರ್ಷವೆಲ್ಲ, ಆಯುಷ್ಯವೆಲ್ಲ. ಬೆಳಿಗ್ಗೆ ಮೂತ್ರ ಕೆಂಪುಛಾಯೆಗೆ ತಿರುಗಿದರೆ ಕಬ್ಬಿಣ ಹೊರಟಿತೆಂದು ತಾಯಿಗೆ ಸಮಾಧಾನ. ತಪ್ಪದೆ ಮಾಡಿಸಿಕೊಂಡ ಮಕ್ಕಳು ಬದುಕಿ ದೊಡ್ಡವರಾದರು. ಬೇಸತ್ತು ಬಿಟ್ಟವರು, ಮದ್ದು ಕೊಳ್ಳಲಾರದವರು ಹಿಂದುಳಿದರು. ನಮ್ಮಂಥ ದುಡಿಯುವ ಜನರಲ್ಲಿ ಆ ಪಂಪನ್ನೂ ಮದ್ದನ್ನೂ ಆಯುಷ್ಯವೆಲ್ಲ ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗೆ ಇದ್ದೀತು?

ಈ ಕತೆಯಲ್ಲಿ ನಮ್ಮ ಮುಂಬಯಿಗೂ ಒಂದು ಪಾಲಿದೆ. ನುಂಗುವುದಕ್ಕೆ ಬರುವ ಡೆಫೆರಿಪ್ರೋನ್ ಎಂಬ ಎರಡನೆಯ ಮದ್ದು 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾಯಿತು. ಇದು ಕೊಂಚ ಸಣ್ಣ ಏಡಿ. ಕಬ್ಬಿಣದ ಒಂದು ಕಣಕ್ಕೆ ಇಂಥವು ಮೂರು ಬೇಕು. ಶ್ರೀಮಂತ ದೇಶಗಳು ಅನುಮಾನಿಸುತ್ತಿದ್ದಾಗ, ಮುಂಬಯಿಯ ವೈದ್ಯರು ಇದನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡಿದರು. 1990ರ ದಶಕದ ನಡುವಿನಲ್ಲಿ, ಜಗತ್ತಿನಲ್ಲಿಯೇ ಮೊದಲಾಗಿ, ಇದರ ಮಾರಾಟಕ್ಕೆ ನಮ್ಮ ದೇಶದಲ್ಲಿ ಅಪ್ಪಣೆ ದೊರೆಯಿತು. ಮುಂಬಯಿಯ ಸಿಪ್ಲಾ ಕಂಪನಿ ಕೆಲ್ಫರ್ ಎಂಬ ಹೆಸರಿನಲ್ಲಿ ಅದನ್ನು ತಯಾರಿಸಿತು. ಯುರೋಪಿನಲ್ಲಿ ಅಪ್ಪಣೆ ಸಿಕ್ಕಿದ್ದು 1999ರಲ್ಲಿ, ಅಮೆರಿಕೆಯಲ್ಲಿ 2011ರಲ್ಲಿ. ದಿನಕ್ಕೊಂದೇ ಸಾರಿ ಕುಡಿದರೆ ಸಾಕಾಗುವ ಡೆಫೆರಾಸಿರಾಕ್ಸ್ ಎಂಬ ಮೂರನೆಯ ಮದ್ದಿಗೆ 2005ರಲ್ಲಿ ಅಮೆರಿಕೆಯಲ್ಲಿ ಅಪ್ಪಣೆಯಾಯಿತು. ಈಗ ನಮ್ಮಲ್ಲೂ ಅದು ದೊರೆಯುತ್ತದೆ.

ನುಂಗುವ ಮದ್ದು ಬಂತೆಂದು ಉದಾಸೀನ ಸಲ್ಲದು. ಡೆಫೆರಿಪ್ರೋನ್ ನೂರರಲ್ಲಿ ಒಬ್ಬರಿಗೆ ಎಂಬಷ್ಟು ಪ್ರಮಾಣದಲ್ಲಿ ರಕ್ತದ ಬಿಳಿ ಕಣಗಳನ್ನು ಅಪಾಯವಾಗುವಷ್ಟು ಇಳಿಸಿಬಿಡುತ್ತದೆ. ಆದುದರಿಂದ ಮೇಲಿಂದ ಮೇಲೆ ರಕ್ತಪರೀಕ್ಷೆ ಆಗಬೇಕು. ಜ್ವರವೋ ಗಂಟಲು ನೋವೋ ಬಂದರೆ ಮದ್ದನ್ನು ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಡೆಫೆರಾಸಿರಾಕ್ಸ್ ತೆಗೆದುಕೊಳ್ಳುವವರು ಮೂತ್ರಪಿಂಡ ಮತ್ತು ಯಕೃತ್ತುಗಳ ಪರೀಕ್ಷೆ ಮಾಡಿಸುತ್ತಿರಬೇಕು. ಪ್ರಮಾಣ ಮೀರಿದರೆ ಡೆಸ್‌ಫೆರಿಯಾಕ್ಸಮಿನ್ ಕಣ್ಣು-ಕಿವಿಗಳನ್ನು ಕೆಡಿಸೀತು. ಏಡಿಯನ್ನು ಸಾಕಿದವನು ಅದರ ಕೊಂಬಿನ ಮೇಲೆ ಕಣ್ಣಿಟ್ಟಿರಬೇಕು.

ಇನ್ನು ಎಲ್ಲರ ಮನೆಗೂ ಸಂಬಂಧಿಸಿದ ಒಂದು ಮಾತು. ತಾಯಂದಿರು ಮನಸ್ಸಿಟ್ಟು ಕೇಳಬೇಕು. ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆ ಸಿಹಿ ಲೇಪದ್ದು; ಮಗುವಿನ ಕಣ್ಣಿಗೆ ಅದು ಪೆಪ್ಪರಮಿಂಟು. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ. ಹತ್ತು ಕಿಲೋ ತೂಕದ ಮಗು ಹತ್ತು ಮಾತ್ರೆ ನುಂಗಿತೆಂದರೆ, ಕಿಲೋ ಒಂದಕ್ಕೆ 60 ಮಿಲಿಗ್ರಾಂ ಆಯಿತು. ಅದು ಪ್ರಾಣಕ್ಕೆ ಬರುವ ಪ್ರಮಾಣ. ಅದರ ಮೂರನೆಯ ಒಂದು ಪಾಲೇ ತೊಂದರೆ ಕೊಡಬಲ್ಲದು. ಮೊದಲ ಆರು ತಾಸು ವಾಂತಿ, ಹೊಟ್ಟೆನೋವು, ಕೆಲವೊಮ್ಮೆ ರಕ್ತಭೇದಿ. ಆಮೇಲೆ ಮಗು ಸುಮ್ಮನಾಗುತ್ತದೆ. ಗುಣವಾಯಿತೆಂದು ಮನೆಯವರು ಮಲಗಿಸುತ್ತಾರೆ. ಮೋಸ ಇರುವುದು ಇಲ್ಲಿಯೇ. ಒಂದು ದಿನ ಕಳೆಯುವುದರೊಳಗೆ ಮೈ ತಣ್ಣಗಾಗಿ, ಯಕೃತ್ತು ಕೆಟ್ಟು, ಕೈಮೀರಿ ಹೋಗಬಹುದು. ಆದುದರಿಂದ ವಾಂತಿ ಮಾಡಿಸಲು ಹೋಗಬೇಡಿ, ಕಾದು ನೋಡಬೇಡಿ. ಮಾತ್ರೆಯ ಪಟ್ಟಿಯನ್ನೂ ಕೈಯಲ್ಲಿ ಹಿಡಿದುಕೊಂಡು ನೇರವಾಗಿ ದೊಡ್ಡ ಆಸ್ಪತ್ರೆಗೆ ಓಡಿರಿ. ವಿಷ ಹೆಚ್ಚಾಗಿದ್ದರೆ ಅಲ್ಲಿ ರಕ್ತನಾಳದ ಮೂಲಕ ಕೊಡುವುದು ಅದೇ ಡೆಸ್‌ಫೆರಿಯಾಕ್ಸಮಿನ್. ಒಂದೇ ಖೋಲಿಯಲ್ಲಿ ಐದಾರು ಜನ ಬಾಳುವ ನಮಗೆ ಬೀಗದ ಕಪಾಟು ಎಲ್ಲಿಂದ ಬರಬೇಕು? ಆದರೂ ಎತ್ತರದ ಹಲಗೆಯ ಮೇಲೆ ಮುಚ್ಚಳದ ಡಬ್ಬಿಯಲ್ಲಿ ಇಡಬಹುದು. ಮಗುವಿನ ಮುಂದೆ ಮಾತ್ರೆಯನ್ನು ಮಿಠಾಯಿ ಎನ್ನದೆ ಇರಬಹುದು.

ಈ ಮದ್ದುಗಳಿಂದ ವಿಜ್ಞಾನಕ್ಕೆ ಬೇರೆ ಲಾಭಗಳೂ ಆಗಿವೆ. ಎರಡನ್ನು ಮಾತ್ರ ಹೇಳುತ್ತೇನೆ. ಪ್ರಯೋಗಶಾಲೆಯಲ್ಲಿ ಕೋಶಗಳ ಕಬ್ಬಿಣವನ್ನು ಈ ಮದ್ದಿನಿಂದ ಹಿಡಿದಿಟ್ಟರೆ, ಪ್ರಾಣವಾಯು ಇದ್ದರೂ ಇಲ್ಲದವರಂತೆ ಅವು ನಡೆದುಕೊಳ್ಳುತ್ತವೆ. ಪ್ರಾಣವಾಯುವಿನ ಕೊರತೆಯನ್ನು ಕೋಶಗಳು ಹೇಗೆ ಅರಿಯುತ್ತವೆಂಬ ಶೋಧನೆಯಲ್ಲಿ ಇದು ಒಂದು ಉಪಕರಣವಾಯಿತು. ಆ ಶೋಧನೆ ಮಾಡಿದ ಮೂವರಿಗೆ 2019ರ ನೊಬೆಲ್ ಪಾರಿತೋಷಕ ಸಂದಿತು. ಎರಡನೆಯದು, ರೋಗಾಣುಗಳಿಗೂ ಕಬ್ಬಿಣದ ಹಸಿವು ಇದೆಯಲ್ಲ, ಅದನ್ನೇ ಬಲೆಯಾಗಿ ಮಾಡಿದ ಉಪಾಯ. ಕಬ್ಬಿಣ ಹಿಡಿಯುವ ಕೊಂಬಿಗೆ ವಿಷದ ಮದ್ದನ್ನು ಕಟ್ಟಿಟ್ಟರೆ ರೋಗಾಣು ಅದನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಹೀಗೆ ಮಾಡಿದ ಸೆಫಿಡೆರೊಕಾಲ್ ಎಂಬ ಮದ್ದಿಗೆ ಅಮೆರಿಕೆಯಲ್ಲಿ 2019ರಲ್ಲಿ ಅಪ್ಪಣೆ ದೊರೆಯಿತು. ಗಾಳದ ತುದಿಗೆ ಎರೆಹುಳ ಸಿಕ್ಕಿಸಿದವರಿಗೆ ಇದು ಹೊಸ ವಿದ್ಯೆಯಲ್ಲ.

ಬಂಧುಗಳೇ, ಇಷ್ಟು ಕೇಳಿದ ಮೇಲೆ ನಾವು ಮಾಡತಕ್ಕದ್ದೇನು?

ಒಂದು, ಬಿಳಿಚಿದವರೆಲ್ಲರಿಗೂ ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ಟಾನಿಕ್ ಕುಡಿಸಬೇಡಿ. ಥಲಸ್ಸೇಮಿಯದ ಅಂಶವನ್ನು ಒಬ್ಬ ತಂದೆಯಿಂದಲೋ ತಾಯಿಯಿಂದಲೋ ಮಾತ್ರ ಪಡೆದವರು ರೋಗಿಗಳಲ್ಲ, ದುಡಿಯುತ್ತಾರೆ, ಬದುಕುತ್ತಾರೆ. ಆದರೆ ಅವರ ರಕ್ತ ಪರೀಕ್ಷೆ ಮೇಲ್ನೋಟಕ್ಕೆ ಕಬ್ಬಿಣದ ಕೊರತೆಯಂತೆಯೇ ಕಾಣುತ್ತದೆ. ಮಾತ್ರೆ ತಿಂದೂ ತಿಂದೂ ರಕ್ತ ಏರದಿದ್ದರೆ ವೈದ್ಯರನ್ನು ಕೇಳಿ ಹಿಮೋಗ್ಲೋಬಿನ್ ಎ-2 ಪರೀಕ್ಷೆ ಮಾಡಿಸಿರಿ.

ಎರಡು, ಗಂಡು ಹೆಣ್ಣು ಇಬ್ಬರಲ್ಲೂ ಈ ಅಂಶವಿದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಠಿಣ ರೋಗದ ಮಗು ಹುಟ್ಟುವ ಸಂಭವ. ನಮ್ಮ ಕಡೆ ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆ ಮಾಡುವ ವಾಡಿಕೆ ಇದೆ. ಒಂದೇ ಮನೆತನದ ಇಬ್ಬರಲ್ಲೂ ಅದೇ ಅಂಶವಿರುವ ಸಾಧ್ಯತೆ ಹೆಚ್ಚು. ಜಾತಕದ ಜೊತೆಗೆ ಈ ಒಂದು ಪರೀಕ್ಷೆಯ ಚೀಟಿಯನ್ನೂ ಕೂಡಿಸಿ ನೋಡಿರಿ. ಮದುವೆ ಆಗಿಹೋಗಿದ್ದರೂ ಹೆದರಬೇಕಾಗಿಲ್ಲ. ಬಸಿರಿನ ಮೊದಲ ತಿಂಗಳುಗಳಲ್ಲೇ ತಿಳಿದುಕೊಳ್ಳುವ ಪರೀಕ್ಷೆ ಇದೆ. ಆದರೆ ಅಂಶವಿದೆಯೆಂದು ಯಾರ ಮಗಳನ್ನೂ ಹೀಯಾಳಿಸಬೇಡಿ. ಅದು ತಾಯಿಯ ಕಡೆಯಿಂದ ಬರುವಷ್ಟೇ ತಂದೆಯ ಕಡೆಯಿಂದಲೂ ಬರುತ್ತದೆ.

ಮೂರು, ರಕ್ತ. ಆ ಮಕ್ಕಳಿಗೆ ತಿಂಗಳು ತಿಂಗಳು ಬೇಕಾದ ರಕ್ತ ಯಾವ ಕಾರಖಾನೆಯಲ್ಲೂ ತಯಾರಾಗುವುದಿಲ್ಲ. ವರ್ಷಕ್ಕೊಂದು ದಿನ ಬ್ಯಾನರು ಕಟ್ಟಿ ರಕ್ತದಾನ ಮಾಡುವುದಕ್ಕಿಂತ, ಸಂಘದ ಗಟ್ಟಿಮುಟ್ಟಾದ ಸದಸ್ಯರು ತಂಡ ಮಾಡಿಕೊಂಡು ಸರದಿಯಂತೆ ವರ್ಷವೆಲ್ಲ ಕೊಡುವುದು ಮೇಲು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

ಕೊನೆಯದಾಗಿ, ಈ ರೋಗದ ಮಗುವಿನ ತಂದೆ ನಮ್ಮಂತೆಯೇ ದುಡಿಯುವವನು. ತಿಂಗಳಿಗೆ ಒಂದೆರಡು ದಿನ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಲ್ಲಿ ಕೂಡಬೇಕು. ಆ ದಿನದ ಪಗಾರ ಹೋಗುತ್ತದೆ. ಹೆಚ್ಚು ಸಾರಿ ಹೋದರೆ ಕೆಲಸವೇ ಹೋಗುತ್ತದೆ. ಪಗಾರ ಹೋಗುವ ಭಯದಿಂದ ಒಂದು ಸಾರಿ ತಪ್ಪಿಸಿದರೆ ಮಗುವಿನ ಹೃದಯದಲ್ಲಿ ಕಬ್ಬಿಣ ಕೂಡುತ್ತದೆ. ಅದರ ಲೆಕ್ಕ ಹತ್ತು ವರ್ಷದ ಮೇಲೆ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ ಥಲಸ್ಸೇಮಿಯದ ಹೆಸರು ಸೇರಿದೆ. ಅದರ ಪ್ರಮಾಣಪತ್ರ ಪಡೆಯಲು ಓಡಾಡುವವರಿಗೆ ಸಂಘದ ಕಚೇರಿ ಅರ್ಜಿ ಬರೆದುಕೊಡಲಿ. ಅಸ್ಥಿಮಜ್ಜೆ ಕಸಿಯಿಂದ ರೋಗವನ್ನು ಬೇರುಸಹಿತ ತೆಗೆಯುವುದು ಕೆಲವು ಮಕ್ಕಳಿಗೆ ಸಾಧ್ಯವಿದೆ. ಅದಕ್ಕೆ ನೆರವಾಗಲು 2017ರಲ್ಲಿ ಕೋಲ್ ಇಂಡಿಯಾದ ಹಣದಿಂದ ಒಂದು ಯೋಜನೆ ಆರಂಭವಾಯಿತು. ಅದನ್ನೂ ವಿಚಾರಿಸಿ ತಿಳಿಸಲಿ. ಆಸ್ಪತ್ರೆಯ ದಿನ ಪಗಾರಿ ರಜೆ ಕೊಡಬೇಕೆಂದು ಮಾಲಕರನ್ನು ಕೇಳಲು ಆ ತಂದೆ ಒಬ್ಬನೇ ಗಲ್ಲಾದ ಮುಂದೆ ನಿಲ್ಲುವುದು ಬೇಡ. ಅವನ ಜೊತೆಗೆ ಸಂಘ ನಿಲ್ಲಲಿ.

ದೇಹದಲ್ಲಿ ಕಬ್ಬಿಣಕ್ಕೆ ಬಾಗಿಲಿಲ್ಲವೆಂದೆ. ಮಣ್ಣಿನ ಕ್ಷುದ್ರ ಜೀವಿಯಿಂದ ಕಲಿತು ಮನುಷ್ಯ ಒಂದು ಬಾಗಿಲು ಮಾಡಿದ. ಆದರೆ ಅದು ತಾನಾಗಿ ತೆರೆಯುವ ಬಾಗಿಲಲ್ಲ. ದಿನಾಲೂ ಒಬ್ಬರು ತೆರೆಯಬೇಕು. ತಂದೆತಾಯಿಗಳ ಕೈ ಸೋತಾಗ ನಮ್ಮ ಕೈಯೂ ಅದಕ್ಕೆ ಕೂಡಲಿ.